ಗಣಕವಿದ್ಯೆ ಪಟ್ಟಣಿಗರ ಸೊತ್ತಲ್ಲ

“ಗಣಕಯಂತ್ರಕ್ಕೆ ಪ್ರೋಗ್ರಾಂ ಬರೆಯುವ ವಿದ್ಯೆ ಇಂಗ್ಲಿಷ್ ಬಲ್ಲವರಿಗೆ, ಹಣವುಳ್ಳವರಿಗೆ ಮೀಸಲು, ನರೋಣಾದಂತಹ ಹಳ್ಳಿಯ ಮಕ್ಕಳಿಗೆ ಅದರ ಗೊಡವೆ ಏಕೆ?” ಎಂಬ ಮಾತು ವಿದ್ಯಾವಂತರ ಬಾಯಿಂದಲೇ ಕೇಳಿಬರುತ್ತದೆ. ಇದು ಕೇವಲ ಅಜ್ಞಾನದ ಮಾತಲ್ಲ, ಅನ್ಯಾಯದ ಮಾತು.

ಮೊದಲು ಭಾಷೆಯ ನೆಪವನ್ನು ವಿಚಾರಿಸೋಣ. ಮುಂಬಯಿಯ ಐ.ಐ.ಟಿ. ರೂಪಿಸಿದ ‘ಸ್ಪೋಕನ್ ಟ್ಯುಟೋರಿಯಲ್’ ಯೋಜನೆಯ ಪಾಠಗಳು ಅಂತರಜಾಲದಲ್ಲಿ ಉಚಿತವಾಗಿ ದೊರೆಯುತ್ತವೆ. ಅವುಗಳಲ್ಲಿ ಅನೇಕವು ಕನ್ನಡದ ಧ್ವನಿಯಲ್ಲಿಯೂ ಉಂಟು. ಒಂದೊಂದು ಪಾಠ ಸುಮಾರು 10 ನಿಮಿಷದ್ದು. ಒಮ್ಮೆ ಇಳಿಸಿಕೊಂಡರೆ ಜಾಲಸಂಪರ್ಕವಿಲ್ಲದೆಯೂ ನೋಡಬಹುದು. 1991ರಲ್ಲಿ ಗಿಡೊ ವಾನ್ ರೋಸಮ್ ಹೊರತಂದ ‘ಪೈಥಾನ್’ ಭಾಷೆಗೂ ಬೆಲೆ ತೆರಬೇಕಾಗಿಲ್ಲ. 2008ರಲ್ಲಿ ಬಂದ ಅದರ 3ನೆಯ ಆವೃತ್ತಿಯಿಂದೀಚೆಗೆ ‘ತೊಗರಿ’, ‘ದರ’ ಎಂದು ಕನ್ನಡ ಅಕ್ಷರಗಳಲ್ಲಿಯೇ ಹೆಸರಿಟ್ಟು ಲೆಕ್ಕ ಮಾಡಿಸಬಹುದು. ಭಾಷೆಯ ಮೀಸಲು ಪದಗಳು ಇಂಗ್ಲಿಷಿನವು, ನಿಜ. ಆದರೆ ಅವು ಕೇವಲ 35. ಅಷ್ಟನ್ನು ಕಲಿಯಲಾರದ ಮಗು ಯಾವ ಹಳ್ಳಿಯಲ್ಲಿದೆ?

ಇನ್ನು ಕೆಲವರು, “ಪಾಠವೆಲ್ಲ ಮೊಬೈಲಿನಲ್ಲಿದೆ, ಬೇಕಾದವರು ಕಲಿಯಲಿ” ಎಂದು ಕೈತೊಳೆದುಕೊಳ್ಳುತ್ತಾರೆ. ದಂಡೆಯಲ್ಲಿ ಕುಳಿತು ನೋಡಿ ಈಜು ಕಲಿತವರುಂಟೆ? ಪಾಠವನ್ನು ತುಸು ಕೇಳಿ, ನಿಲ್ಲಿಸಿ, ಕೀಲಿಮಣೆಯ ಮೇಲೆ ತಾನೇ ಬರೆದು, ಯಂತ್ರ ತೋರಿದ ತಪ್ಪನ್ನು ತಾನೇ ತಿದ್ದಿದಾಗಲೇ ವಿದ್ಯೆ ಕೈಗೆ ಹತ್ತುವುದು. ಅದಕ್ಕೆ ಯಂತ್ರ ಬೇಕು, ಎಡವಿದಾಗ ಕೇಳಲು ಒಬ್ಬ ಬಲ್ಲವ ಬೇಕು. 2020ರಲ್ಲಿ ಶಾಲೆಗಳು ಮುಚ್ಚಿದಾಗ ಮನೆಯಲ್ಲಿ ಒಂದೇ ಮೊಬೈಲಿದ್ದ ಮಕ್ಕಳ ಪಾಡನ್ನು ನಾವು ಕಂಡಿಲ್ಲವೆ?

2009ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿಶ್ವವಿದ್ಯಾಲಯ ನಮ್ಮ ಆಳಂದ ತಾಲೂಕಿನ ಕಡಗಂಚಿಗೆ ಬಂದಿತು. 2012ರ ಸಂವಿಧಾನ ತಿದ್ದುಪಡಿಯ 371(ಜೆ) ವಿಧಿ ಶಿಕ್ಷಣದಲ್ಲಿ, ಉದ್ಯೋಗದಲ್ಲಿ ಮೀಸಲಿಗೆ ಹಾದಿ ಮಾಡಿತು. ಆದರೆ ಮೀಸಲು ಬಾಗಿಲನ್ನು ತೆರೆದೀತೇ ಹೊರತು ಒಳಗೆ ಮಾಡಬೇಕಾದ ಕೆಲಸವನ್ನು ಕಲಿಸಲಾರದು. ಪ್ರಮಾಣಪತ್ರವಿದ್ದು ಕೈಯಲ್ಲಿ ಕೆಲಸವಿಲ್ಲದವನಿಗೆ ಬಾಗಿಲು ತೆರೆದರೂ ಅಷ್ಟೆ, ಮುಚ್ಚಿದರೂ ಅಷ್ಟೆ.

ಮಠದ ನೆರಳಿನಲ್ಲಿ ಉಂಡು, ಓದಿ, ಇಂದು ದೂರದ ಪಟ್ಟಣಗಳಲ್ಲಿ ಉದ್ಯೋಗಸ್ಥರಾಗಿರುವ ಹಳೆಯ ವಿದ್ಯಾರ್ಥಿಗಳೇ! ನಿಮ್ಮ ಕಚೇರಿಗಳು ಹಳತೆಂದು ಮೂಲೆಗೆ ಒತ್ತಿದ ಯಂತ್ರಗಳಲ್ಲಿ ಈ ಪಾಠಗಳು ಚೆನ್ನಾಗಿಯೇ ನಡೆಯುತ್ತವೆ. ಅಂಥ ಒಂದೆರಡನ್ನು ಕೇಳಿ ಪಡೆದು ಊರಿನ ಶಾಲೆಗೆ ಮುಟ್ಟಿಸಿರಿ. ವಾರಕ್ಕೊಂದು ಗಂಟೆ ದೂರವಾಣಿಯಲ್ಲಾದರೂ ಮಕ್ಕಳ ಸಂದೇಹಗಳಿಗೆ ಉತ್ತರಿಸಿರಿ. ಅನ್ನದಾಸೋಹದಿಂದ ಬೆಳೆದವರು ಜ್ಞಾನದಾಸೋಹಕ್ಕೆ ಹಿಂಜರಿಯುವುದು ತರವಲ್ಲ.