ಬೆನ್ನೆಲುಬೂ ನೆಗಡಿಯೂ

ಬೆನ್ನುಮೂಳೆಯನ್ನು ಆಗಾಗ್ಗೆ ಕೈಯಿಂದ ಒತ್ತಿಸಿ ಸರಿಪಡಿಸಿಕೊಂಡಲ್ಲಿ ರೋಗನಿರೋಧಕ ಶಕ್ತಿಯು ವೃದ್ಧಿಯಾಗಿ, ನೆಗಡಿ ಜ್ವರಗಳು ಮನೆಯ ಹೊಸ್ತಿಲನ್ನು ತುಳಿಯಲಾರವೆಂಬ ಜಾಹೀರಾತನ್ನು ಕಂಡು, ನಮ್ಮ ವಾಚಕಿಯರೊಬ್ಬರು ವೃದ್ಧರಾದ ತಮ್ಮ ಅತ್ತೆಯವರಿಗೂ ಎಳೆಯ ಮಗುವಿಗೂ ಇದನ್ನು ಮಾಡಿಸಬಹುದೇ ಎಂದು ಕೇಳಿರುವರು. ಕೈರೊಪ್ರಾಕ್ಟಿಕ್ ಎಂಬ ಈ ಚಿಕಿತ್ಸೆಯು ಬೆಂಗಳೂರಿನಲ್ಲಿಯೂ ದೊರೆಯುತ್ತಿರುವುದರಿಂದ ಪ್ರಶ್ನೆಯು ವಿಚಾರಾರ್ಹವಾದುದು.

ಈ ಪದ್ಧತಿಯ ಜನ್ಮಭೂಮಿ ಅಮೆರಿಕಾ. ಅಯೋವಾ ಸಂಸ್ಥಾನದ ಡ್ಯಾವೆನ್‌ಪೋರ್ಟ್ ಪಟ್ಟಣದಲ್ಲಿ, 1895ರಲ್ಲಿ, ಡಿ. ಡಿ. ಪಾಮರ್ ಎಂಬಾತನು ಹಾರ್ವೆ ಲಿಲಾರ್ಡ್ ಎಂಬ ಕಿವುಡನ ಬೆನ್ನಿನ ಮಣಿಯೊಂದನ್ನು ಒತ್ತಿ ಕೂರಿಸಲು, ಅವನಿಗೆ ಕಿವಿ ಕೇಳಿಸಿತಂತೆ. ಅಲ್ಲಿಂದ ಮುಂದೆ ನೂರಕ್ಕೆ 95 ರೋಗಗಳಿಗೆ ಸ್ಥಾನ ತಪ್ಪಿದ ಬೆನ್ನಿನ ಮಣಿಗಳೇ ಮೂಲವೆಂದು ಪಾಮರನು ಸಾರಿದನು. ಶ್ರವಣದ ನರವಾದರೋ ಮೆದುಳಿನಿಂದ ನೇರವಾಗಿ ಕಿವಿಗೆ ಹೋಗುವುದೇ ಹೊರತು ಬೆನ್ನುಮೂಳೆಯ ಮಾರ್ಗವಾಗಿ ಹಾಯುವುದಿಲ್ಲ. ಪದ್ಧತಿಯ ಹೆಸರು ಗ್ರೀಕ್ ಭಾಷೆಯದು, ಸಂಸ್ಕೃತದಲ್ಲಿ ಹಸ್ತಕ್ರಿಯೆಯೆನ್ನಬಹುದು. ಹೆಸರಿನ ವಿಷಯದಲ್ಲಿ ನಮಗೆ ತಕರಾರಿಲ್ಲ.

1918ರ ಇನ್‌ಫ್ಲುಯೆಂಜಾ ಮಹಾಮಾರಿಯು ಈ ಪಂಥಕ್ಕೆ ಬಹಳ ಪ್ರಚಾರವನ್ನು ತಂದಿತು. ಆ ಮಾರಿಗೆ ನಮ್ಮ ದೇಶವೊಂದರಲ್ಲಿಯೇ ಒಂದು ಕೋಟಿಗೂ ಮೀರಿ ಜನರು ಬಲಿಯಾದರು. ತಮ್ಮ ಕೈಸೇರಿದ ರೋಗಿಗಳಲ್ಲಿ ಸತ್ತವರು ಅತ್ಯಲ್ಪವೆಂದು ಅಮೆರಿಕಾದ ಈ ಚಿಕಿತ್ಸಕರು ಲೆಕ್ಕಗಳನ್ನು ಪ್ರಕಟಿಸಿದರು. ಅವನ್ನು ಇಂದಿಗೂ ಎತ್ತಿ ತೋರಿಸುವವರುಂಟು. ಲೆಕ್ಕವಿಟ್ಟವರೂ ಅವರೇ, ತೀರ್ಪು ಹೇಳಿದವರೂ ಅವರೇ! ಉಸಿರು ಸಿಕ್ಕಿಕೊಂಡವನನ್ನು ಜನರು ಎಲ್ಲಿಗೆ ಒಯ್ಯುವರು? ಆಸ್ಪತ್ರೆಗಲ್ಲವೇ? ಎದ್ದು ನಡೆದು ಬರಬಲ್ಲವನು ಹೇಗೂ ಬದುಕುವವನು. ಅವನು ಬದುಕಿದ ಕೀರ್ತಿಯನ್ನು ಬೆನ್ನೊತ್ತಿದ ಕೈಗೆ ಕಟ್ಟುವುದು ಕಾಕತಾಳೀಯನ್ಯಾಯವೇ ಸರಿ.

ಈ ರೋಗವು ವೈರಾಣುವಿನಿಂದ ಬರುವುದೆಂದು 1933ರಲ್ಲಿ ಇಂಗ್ಲೆಂಡಿನ ಸಂಶೋಧಕರು ತೋರಿಸಿದರು. ಅದನ್ನು ಎದುರಿಸುವ ಬಿಳಿಯ ರಕ್ತಕಣಗಳು ಮೂಳೆಯೊಳಗಿನ ಮಜ್ಜೆಯಲ್ಲಿ ಹುಟ್ಟುವುವೆಂಬುದು ನಿಜ. ಆದರೆ ಮೂಳೆಯನ್ನು ಒತ್ತಿದ ಮಾತ್ರಕ್ಕೆ ಆ ಸೈನ್ಯವು ಬಲಿಯುವುದೆಂಬುದಕ್ಕೆ ಪ್ರಮಾಣವಿಲ್ಲ. ಇದು ಪ್ರತಿಪಕ್ಷದವರ ನಿಂದೆಯಲ್ಲ. ಕೊರೊನಾ ಹಬ್ಬಿದ 2020ರಲ್ಲಿ ಈ ಚಿಕಿತ್ಸಕರ ಜಾಗತಿಕ ಒಕ್ಕೂಟವೇ, ಬೆನ್ನೆಲುಬಿನ ಚಿಕಿತ್ಸೆಯಿಂದ ರೋಗನಿರೋಧಕ ಶಕ್ತಿಯು ಹೆಚ್ಚುವುದೆಂಬುದಕ್ಕೆ ನಂಬತಕ್ಕ ವೈಜ್ಞಾನಿಕ ಸಾಕ್ಷ್ಯವಿಲ್ಲವೆಂದು ಪ್ರಕಟಿಸಿತು.

ಪರದೇಶದವರನ್ನೇ ಆಡಿಕೊಳ್ಳುವಂತಿಲ್ಲ. ಮೈಗೆ ಎಣ್ಣೆ ತಿಕ್ಕಿದರೆ ನೆಗಡಿಯು ಓಡಿಹೋಗುವುದೆನ್ನುವವರು ನಮ್ಮಲ್ಲಿಯೂ ಉಂಟು. ವಾಗ್ಭಟನು ಅಷ್ಟಾಂಗಹೃದಯದಲ್ಲಿ ಅಭ್ಯಂಗವನ್ನು ನಿತ್ಯವೂ ಆಚರಿಸಬೇಕೆಂದು ವಿಧಿಸಿ, ಕಫಪೀಡಿತನಿಗೂ ಅಜೀರ್ಣವುಳ್ಳವನಿಗೂ ಅದು ವರ್ಜ್ಯವೆಂದು ಅಲ್ಲಿಯೇ ಸೇರಿಸಿರುವನು. ಒಳ್ಳೆಯ ಉಪಚಾರಕ್ಕೂ ಮೇರೆಯನ್ನು ಗೊತ್ತುಮಾಡುವ ಈ ಎಚ್ಚರವನ್ನು ಜಾಹೀರಾತುಗಳಲ್ಲಿ ಹುಡುಕುವುದು ವ್ಯರ್ಥ.

ಸೊಂಟದ ನೋವಿಗೆ ಈ ಒತ್ತುವಿಕೆಯಿಂದ ಕೆಲವರಿಗೆ ತಕ್ಕಮಟ್ಟಿನ ಉಪಶಮನವಾಗುವುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಕುತ್ತಿಗೆಯನ್ನು ಥಟ್ಟನೆ ತಿರುಗಿಸುವುದರಿಂದ, ಅಪರೂಪವಾಗಿಯಾದರೂ, ಮೆದುಳಿಗೆ ರಕ್ತವನ್ನೊಯ್ಯುವ ನಾಳವು ಸೀಳಿ ಪಾರ್ಶ್ವವಾಯು ಬಡಿದಿರುವುದುಂಟು. ಮುಪ್ಪಿನಲ್ಲಿ ಟೊಳ್ಳಾದ ಮೂಳೆಗಳು ಒತ್ತಿದರೆ ಮುರಿಯಬಹುದು. ನೆಗಡಿಯ ನೆವದಿಂದ ಎಳೆಗೂಸಿನ ಕೊರಳನ್ನು ಅನ್ಯರ ಕೈಗೆ ಕೊಡುವುದಂತೂ ಸರ್ವಥಾ ಕೂಡದು.

ನಮ್ಮ ವಾಚಕಿಯವರು ಆ ಹಣದಲ್ಲಿ, ವೈದ್ಯರನ್ನು ವಿಚಾರಿಸಿ, ಅತ್ತೆಯವರಿಗೆ ಇನ್‌ಫ್ಲುಯೆಂಜಾದ ಲಸಿಕೆಯನ್ನು ಹಾಕಿಸಲಿ. ವೈರಾಣುವು ರೂಪವನ್ನು ಬದಲಿಸುತ್ತಿರುವುದರಿಂದ ಅದನ್ನು ವರ್ಷವರ್ಷವೂ ಹಾಕಿಸಬೇಕು. ಮಗುವಿಗೂ ಆರು ತಿಂಗಳು ತುಂಬಿದ ಮೇಲೆ ಹಾಕಿಸಬಹುದು. ಈ ರೋಗಕ್ಕೆ ಔಷಧವೂ ಉಂಟು. ಜ್ವರವು ತಲೆದೋರಿದ ಎರಡು ದಿನಗಳೊಳಗೆ ಆರಂಭಿಸಿದರೆ ಅದರ ಗುಣವು ಹೆಚ್ಚು. ಆ ಎರಡು ದಿನಗಳನ್ನು ಬೆನ್ನೊತ್ತಿಸಿಕೊಳ್ಳುವುದರಲ್ಲಿ ಕಳೆಯಬಾರದು. ಅತ್ತೆಯವರಿಗೆ ಏದುಸಿರು, ಎದೆನೋವು ಅಥವಾ ಮಂಕು ಕಂಡುಬಂದಲ್ಲಿ ಮರುದಿನಕ್ಕೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು.