ಕಸ ಎಸೆದವನ ತಲೆಗೆ 250 ರೂಪಾಯಿ

ರಸ್ತೆಗೆ ಕಸ ಎಸೆಯುವವರ ವಿಡಿಯೊ ಕಳಿಸಿದರೆ 250 ರೂಪಾಯಿ ಬಹುಮಾನ ಎಂದು 2025ರಲ್ಲಿ ಬೆಂಗಳೂರು ಘನತ್ಯಾಜ್ಯ ನಿರ್ವಹಣಾ ನಿಯಮಿತ ಸಾರಿತು. ಅದೇ ವರ್ಷದ ಅಕ್ಟೋಬರ್ ಕೊನೆಗೆ, ಎಸೆದವರ ಮನೆ ಬಾಗಿಲಿಗೇ ಕಸ ತಂದು ಸುರಿಯುವ ‘ಹಬ್ಬ’ವೂ ನಡೆದಿತ್ತು. ಊರು ರೋಸಿಹೋಗಿದೆ, ನಿಜ. ಆದರೆ ಎಲ್ಲರ ತಲೆಗೂ ಒಂದೇ ದರ ಕಟ್ಟುವ ಈ ಇನಾಮು ಅರೆಬೆಂದ ಯೋಜನೆ. ಇದೇ ಊರಿನ ಹೂಡಿ ಬಡಾವಣೆಯ ಪಿ.ಜಿ.ಗಳಲ್ಲಿ ರಾತ್ರಿಯಿಡೀ ಗೇಮ್ ಆಡುವ ಹುಡುಗರನ್ನು ಕೇಳಿದ್ದರೂ ಇದರ ತೂತುಗಳನ್ನು ಎಣಿಸಿ ಹೇಳುತ್ತಿದ್ದರು.

ಐಸ್‌ಲ್ಯಾಂಡ್ ಕಂಪನಿಯೊಂದರ ‘ಈವ್ ಆನ್‌ಲೈನ್’ ಎಂಬ ಬಾಹ್ಯಾಕಾಶದ ಆಟದಲ್ಲಿ ಇತರ ಆಟಗಾರರ ತಲೆಗೆ ಬೆಲೆ ಕಟ್ಟಬಹುದಿತ್ತು. ಆಟಗಾರರು ಏನು ಮಾಡಿದರು? ಅಗ್ಗದ ಹಡಗು ಹತ್ತಿ, ತಮ್ಮದೇ ಇನ್ನೊಂದು ಪಾತ್ರದ ಕೈಯಲ್ಲಿ ಸತ್ತು, ಇನಾಮನ್ನು ತಾವೇ ಜೇಬಿಗಿಳಿಸಿದರು. 2012ರಲ್ಲಿ ಕಂಪನಿ ನಿಯಮ ತಿದ್ದಿತು: ಸತ್ತವನಿಗಾದ ನಷ್ಟದಲ್ಲಿ ಒಂದು ಪಾಲು ಮಾತ್ರ ಬೇಟೆಗಾರನಿಗೆ. ಆಮೇಲೆ ಸುಮ್ಮನೆ ಸಾಯುವುದು ಲಾಭದ ಕಸುಬಾಗಿ ಉಳಿಯಲಿಲ್ಲ.

ನಮ್ಮಲ್ಲೂ ಹಾಗೇ ಆಗಬೇಕು. ದಂಡ ವಸೂಲಾಗಿ ರಸೀದಿ ಹರಿದ ಮೇಲಷ್ಟೇ ಇನಾಮು. ಬರೀ ವಿಡಿಯೊ ನೋಡಿ ದುಡ್ಡು ಕೊಟ್ಟರೆ, ಹೆಲ್ಮೆಟ್ ಹಾಕಿದ ಒಬ್ಬ ಎಸೆಯುತ್ತಾನೆ, ಗೆಳೆಯ ಶೂಟ್ ಮಾಡುತ್ತಾನೆ, ಸಂಜೆಯ ಗೋಬಿಗೆ ಖರ್ಚು ಹುಟ್ಟುತ್ತದೆ.

ಇದು ಸಣ್ಣ ತೂತು. ದೊಡ್ಡದು ಬೇರೆ ಇದೆ. ಒಂದೇ ದರವಾದರೆ ಬೇಟೆಗಾರ ಸುಲಭದ ಬೇಟೆಯನ್ನೇ ಹುಡುಕುತ್ತಾನೆ. ಹೂಡಿ ಮೆಟ್ರೊ ನಿಲ್ದಾಣದ ಹಿಂದಿನ ಅಡ್ಡರಸ್ತೆಗಳಲ್ಲಿ ಬೆಳಗಿನ ಹೊತ್ತು ನಿಂತು ನೋಡಿ: ಕರಿ ಕವರ್ ಹಿಡಿದು ಮೂಲೆಗೆ ಬರುವವರು ಮನೆಗೆಲಸದ ಹೆಂಗಸರು, ಪಿ.ಜಿ. ಅಡುಗೆಯವರು, ಸೆಕ್ಯುರಿಟಿ ಗಾರ್ಡುಗಳು. ಕಸ ಅವರದಲ್ಲ, ಮುಖ ಮಾತ್ರ ಅವರದು. ಮಾಲೀಕರು ವಿಡಿಯೊದಲ್ಲಿ ಎಲ್ಲೂ ಇರುವುದಿಲ್ಲ. ನಡುರಾತ್ರಿ ಕೆರೆಯಂಚಿಗೆ ಕಟ್ಟಡದ ಅವಶೇಷ ಸುರಿದು ಹೋಗುವ ಲಾರಿಯ ಹಿಂದೆ 250 ರೂಪಾಯಿಗೆ ಯಾರು ಓಡುತ್ತಾರೆ? ಏಟು ತಿಂದರೆ ಆಸ್ಪತ್ರೆಯ ಚೀಟಿಗೂ ಸಾಲದು.

ದಂಡ, ಇನಾಮು ಎರಡೂ ಕಸದ ಗಾತ್ರಕ್ಕೆ ತಕ್ಕಂತೆ ಏರಬೇಕು. ದಿನಕ್ಕೆ 100 ಕೆ.ಜಿ.ಗಿಂತ ಹೆಚ್ಚು ಕಸ ಮಾಡುವವರನ್ನು 2016ರ ಕೇಂದ್ರ ನಿಯಮ ಬೇರೆಯಾಗಿಯೇ ಹೆಸರಿಸಿತ್ತು. ಅಂಥವರ ಕಸ ಬೀದಿಯಲ್ಲಿ ಸಿಕ್ಕರೆ ಇನಾಮು ಸಾವಿರಗಳಲ್ಲಿರಲಿ, ದೂರುದಾರರ ಹೆಸರು ಗುಟ್ಟಾಗಿರಲಿ. ಕೆಲಸದವರು ಸಿಕ್ಕಿಬಿದ್ದರೆ ನೋಟಿಸು ಕಟ್ಟಡದ ಮಾಲೀಕರಿಗೆ ಹೋಗಲಿ. ಪಕ್ಕದ ಮನೆಯ ಮೇಲಿನ ಹಗೆ ತೀರಿಸಿಕೊಳ್ಳಲು ಕಳಿಸಿದ ವಿಡಿಯೊ ಎಂದು ಯಾರಾದರೂ ತಕರಾರೆತ್ತಿದರೆ, ಕೇಳಲು ಒಬ್ಬ ಅಧಿಕಾರಿಯಾದರೂ ಬೇಕು.

ಭಯವಿಲ್ಲದೆ ಈ ಜನ ಬಗ್ಗುವುದಿಲ್ಲ ಎನ್ನುವವರ ಮಾತು ಪೂರ್ತಿ ಸುಳ್ಳಲ್ಲ. ಹಾಗಿದ್ದರೆ ಭಯ ಎಸೆಯುವವರಿಗೂ ಕಸ ಒಯ್ಯಬೇಕಾದವರಿಗೂ ಇರಲಿ. ರಾತ್ರಿ ಪಾಳಿ ಮುಗಿಸಿ ಬೆಳಗ್ಗೆ ಮಲಗುವವನಿಗೆ ಕಸದ ಆಟೊ ಸಿಗುವುದಿಲ್ಲ. ಎದ್ದು ಕಾಯುವವರಿಗೂ ಕೆಲವು ದಿನ ಅದು ಬರುವುದೇ ಇಲ್ಲ. ಆಟೊ ಬಾರದ ಬೀದಿಯ ವಿಡಿಯೊಗೂ ಅದೇ 250 ಕೊಡಿ, ಗುತ್ತಿಗೆದಾರನ ಬಿಲ್ಲಿನಲ್ಲಿ ಮುರಿದುಕೊಳ್ಳಿ. ಹೂಡಿಯಲ್ಲೇ ಒಂದು ತಿಂಗಳು ಈ ಪ್ರಯೋಗ ನಡೆಸಿ, ಯಾವ ಬಗೆಯ ವಿಡಿಯೊ ಎಷ್ಟು ಬಂತೆಂದು ಲೆಕ್ಕ ಪ್ರಕಟಿಸಿ.