ಹಣ ತಲುಪುತ್ತಿದೆ, ನಾವು ತಲುಪುತ್ತಿದ್ದೇವೆಯೇ?

ಮಂಗಳೂರಿನಿಂದ ಭಟ್ಕಳದವರೆಗಿನ ಕರಾವಳಿಯಲ್ಲಿ ಕೊಲ್ಲಿ ರಾಷ್ಟ್ರಗಳ ನಂಟಿಲ್ಲದ ಮುಸ್ಲಿಮ್ ಕುಟುಂಬಗಳು ವಿರಳ. ಅಲ್ಲಿನ ದುಡಿಮೆಯಿಂದ ಇಲ್ಲಿ ಮನೆಗಳು ಎದ್ದಿವೆ, ಸಹೋದರಿಯರ ವಿವಾಹಗಳು ನೆರವೇರಿವೆ, ಮಕ್ಕಳು ವಿದ್ಯಾವಂತರಾಗಿದ್ದಾರೆ. ಸುಡುಬಿಸಿಲಿನಲ್ಲಿ ಬೆವರು ಸುರಿಸಿದವರ ಈ ತ್ಯಾಗವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಅದೇ ಮನೆಯ ಒಳಕೋಣೆಯಲ್ಲಿ, ಮಾತನಾಡಲು ಯಾರಾದರೂ ಬರುವರೇ ಎಂದು ಬಾಗಿಲ ಕಡೆಗೆ ನೋಡುತ್ತಿರುವ ವೃದ್ಧ ತಾಯಿಯ ಕುರಿತು ನಾವೆಷ್ಟು ಚಿಂತಿಸಿದ್ದೇವೆ?

2020ರ ಮಾರ್ಚ್‌ನಲ್ಲಿ ಕೊರೋನಾದಿಂದಾಗಿ ಅಂತಾರಾಷ್ಟ್ರೀಯ ವಿಮಾನ ಸಂಚಾರ ಸ್ಥಗಿತಗೊಂಡಾಗ ಈ ಪ್ರಶ್ನೆ ನಮ್ಮನ್ನು ಕಠೋರವಾಗಿ ತಟ್ಟಿತು. ಹೆತ್ತವರ ಜನಾಝಕ್ಕೆ ಹೆಗಲು ಕೊಡಲಾಗದೆ ಮೊಬೈಲಿನ ಪರದೆಯಲ್ಲೇ ಅಂತಿಮ ದರ್ಶನ ಪಡೆದ ಮಕ್ಕಳಿದ್ದರು. ಅದು ಅವರ ಅಪರಾಧವಾಗಿರಲಿಲ್ಲ, ಅಸಹಾಯಕತೆಯಾಗಿತ್ತು.

ವಿಪರ್ಯಾಸವೆಂದರೆ, ಅಂತಹ ಯಾವ ಅಸಹಾಯಕತೆಯೂ ಇಲ್ಲದ ನಾವು ಒಂದೇ ಸೂರಿನಡಿಯಲ್ಲಿದ್ದೂ ದೂರವಾಗಿದ್ದೇವೆ. ಹಗಲು ಅಂಗಡಿಗೆ, ಸಂಜೆ ಸಭೆ-ಸಮಾರಂಭಗಳಿಗೆ, ರಾತ್ರಿ ಮೊಬೈಲಿಗೆ ಮೀಸಲು. ಪತ್ನಿ ಮಾತು ಆರಂಭಿಸಿದರೆ ತಲೆಯಾಡಿಸುತ್ತೇವೆ, ಮಗು ಶಾಲೆಯ ವಿಷಯ ಹೇಳಬಂದರೆ ನಾಳೆ ಎನ್ನುತ್ತೇವೆ. ಸಮುದಾಯದ ಸಮಸ್ಯೆಗಳ ಬಗ್ಗೆ ಗಂಟೆಗಟ್ಟಲೆ ಚರ್ಚಿಸುವ ನಮಗೆ ಮನೆಯವರ ಸಮಸ್ಯೆ ಆಲಿಸಲು ಬಿಡುವಿಲ್ಲ. ಪ್ರವಾದಿವರ್ಯರು(ಸ) ಮನೆಯಲ್ಲಿರುವಾಗ ಮನೆಯವರ ಕೆಲಸಗಳಲ್ಲಿ ನೆರವಾಗುತ್ತಿದ್ದರೆಂದು ಹ. ಆಇಶಾ(ರ) ತಿಳಿಸಿದ್ದಾರೆ. ಒಂದು ಸಮುದಾಯದ ನೇತೃತ್ವ ಹೊತ್ತವರಿಗೆ ದೊರೆತ ಸಮಯ ನಮಗೇಕೆ ದೊರೆಯುವುದಿಲ್ಲ?

ಹೆತ್ತವರು ಹಾಗೂ ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಕೇಂದ್ರ ಸರಕಾರವು ಕಾಯ್ದೆ ತಂದಿತು. ಕಡೆಗಣಿಸಲ್ಪಟ್ಟ ಹೆತ್ತವರು ನ್ಯಾಯಮಂಡಳಿಯ ಮೊರೆಹೋಗಬಹುದು. ಅಂದಿನ ಕಾಯ್ದೆಯು ಮಾಸಿಕ ಜೀವನಾಂಶಕ್ಕೆ 10,000 ರೂಪಾಯಿಯ ಮಿತಿಯನ್ನೂ ಇರಿಸಿತ್ತು. ಕಾನೂನು ಹಣ ಕೊಡಿಸಬಲ್ಲದು. ಆದರೆ ಹಾಸಿಗೆಯ ಬಳಿ ಕುಳಿತು ತಾಯಿಯ ಕೈ ಹಿಡಿಯುವಂತೆ ಯಾವ ನ್ಯಾಯಮಂಡಳಿಯೂ ಮಗನ ಮನಸ್ಸನ್ನು ಬದಲಿಸಲಾರದು. ಅದನ್ನು ನಾವಾಗಿಯೇ ಮಾಡಬೇಕು.

ವಿದೇಶದಲ್ಲಿರುವವರು ಕರೆ ಮಾಡಲು ದಿನ, ವೇಳೆಯನ್ನು ನಿಗದಿಪಡಿಸಿಕೊಳ್ಳಲಿ. ಊರಿಗೆ ಬಂದಾಗ ರಜೆಯನ್ನೆಲ್ಲ ಔತಣಕೂಟಗಳಿಗೂ ಮನೆ ಕಟ್ಟುವ ಓಡಾಟಕ್ಕೂ ವ್ಯಯಿಸದೆ ಕೆಲವು ದಿನಗಳನ್ನು ಹೆತ್ತವರಿಗಾಗಿಯೇ ಮೀಸಲಿಡಲಿ. ಊರಲ್ಲಿರುವ ನಾವು ರಾತ್ರಿಯ ಊಟದ ವೇಳೆ ಮೊಬೈಲನ್ನು ದೂರವಿರಿಸೋಣ. ಗಂಡುಮಕ್ಕಳು ವಿದೇಶದಲ್ಲಿರುವ ಮನೆಗಳ ರೋಗಿಗಳ ಜೊತೆ ಆಸ್ಪತ್ರೆಯಲ್ಲಿ ಸರದಿಯಂತೆ ನಿಲ್ಲಲು ಜಮಾಅತ್‌ಗಳು ಯುವಕರನ್ನು ಸಜ್ಜುಗೊಳಿಸಲಿ. ಇದಕ್ಕೆ ದೊಡ್ಡ ನಿಧಿಯೇನೂ ಬೇಕಿಲ್ಲ.

ನಮ್ಮ ಸಾಮೀಪ್ಯವು ನಮ್ಮವರಿಗೆ ನಾವು ಮಾಡುವ ಉಪಕಾರವಲ್ಲ, ಅದು ಅವರ ಹಕ್ಕು. ‘ಯಾವಾಗ ಬರುತ್ತೀ ಮಗನೇ?’ ಎಂದು ಕೇಳುವ ಧ್ವನಿ ಮನೆಯಲ್ಲಿ ಇರುವಾಗಲೇ ಆ ಹಕ್ಕನ್ನು ಸಲ್ಲಿಸೋಣ.